ಜಾನ್ ಲೋಗಿ ಬೇರ್ಡ್

ಜಾನ್ ಲೋಗಿ ಬೇರ್ಡ್ (13 ಆಗಸ್ಟ್ 1888 – 14 ಜೂನ್ 1946) ಸ್ಕಾಟ್ಲೆಂಡಿನ ಇಂಜಿನಿಯರ್ ಮತ್ತು ಸಂಶೋಧಕರು. ಜೀವಂತ ಮನುಷ್ಯನ ಮುಖವನ್ನು ಅದರ ಬೆಳಕು-ನೆರಳುಗಳ ಸಮೇತ, ಚಲನೆಯ ಸಮೇತ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳುಹಿಸಿ ತೋರಿಸುವ ದೂರದರ್ಶನವನ್ನು 1926ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿ ಪ್ರಸಿದ್ಧರಾದರು. ಇವರನ್ನು ದೂರದರ್ಶನದ ಜನಕ ಎಂದು ಶಾಲಾ ಪುಸ್ತಕಗಳು ಕರೆಯುವುದುಂಟು. ಆದರೆ ಜರ್ಮನಿಯ ಪಾಲ್ ನಿಪ್ಕೋವ್, ಅಮೆರಿಕದ ಫೈಲೋ ಫಾರ್ನ್ಸ್‌ವರ್ತ್, ರಷ್ಯಾ ಮೂಲದ ವ್ಲಾಡಿಮಿರ್ ಜ್ವೊರಿಕಿನ್ ಮೊದಲಾದ ಹಲವರ ದುಡಿಮೆಯಿಂದ ಈ ಯಂತ್ರ ರೂಪುಗೊಂಡಿತು ಎನ್ನುವುದೇ ಸರಿ. ಬೇರ್ಡ್ ಅವರು ನಂಬಿದ ಯಾಂತ್ರಿಕ ಪದ್ಧತಿ ಅವರ ಜೀವಿತಕಾಲದಲ್ಲಿಯೇ ಸೋತಿತು. ಆ ಸೋಲಿಗೆ ಮುಖ್ಯ ಕಾರಣ ಚಲನೆಯನ್ನು ಚಿತ್ರಗಳಾಗಿ ತುಂಡರಿಸಿ ಮತ್ತೆ ಜೋಡಿಸುವ ಬಗೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬೇರ್ಡ್ ಅವರು ಗ್ಲಾಸ್ಗೋ ನಗರದ ಸಮೀಪದ ಹೆಲೆನ್ಸ್‌ಬರೋ ಎಂಬ ಕಡಲತೀರದ ಊರಿನಲ್ಲಿ ಜನಿಸಿದರು. ತಂದೆ ಚರ್ಚಿನ ಪಾದ್ರಿಗಳಾಗಿದ್ದರು. ಮಗುವಾಗಿದ್ದಾಗಲೇ ಆರೋಗ್ಯ ಕೆಟ್ಟಿದ್ದರಿಂದ ಜೀವನಪೂರ್ತಿ ಶೀತಬಾಧೆಯಿಂದ ನರಳಿದರು. ಲಾರ್ಚ್‌ಫೀಲ್ಡ್ ಶಾಲೆಯಲ್ಲಿ ಓದಿ, ಗ್ಲಾಸ್ಗೋದ ತಾಂತ್ರಿಕ ಕಾಲೇಜಿನಲ್ಲಿ ವಿದ್ಯುತ್ ಇಂಜಿನಿಯರಿಂಗ್ ಕಲಿತರು. ಮುಂದೆ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಸೇರಿದರೂ ಮೊದಲ ಮಹಾಯುದ್ಧ ಆರಂಭವಾದುದರಿಂದ ಪದವಿ ಪೂರ್ಣಗೊಳ್ಳಲಿಲ್ಲ. ಸೈನ್ಯಕ್ಕೆ ಹೆಸರು ಕೊಟ್ಟರು. ದೇಹಸ್ಥಿತಿಯ ಕಾರಣ ಅಲ್ಲಿಯೂ ತಿರಸ್ಕೃತರಾದರು. ಬಳಿಕ ಕ್ಲೈಡ್ ಕಣಿವೆಯ ವಿದ್ಯುತ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿಕೊಂಡರು.

ನೌಕರಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಚಳಿಯಲ್ಲಿ ಪಾದಗಳನ್ನು ಒಣಗಿಸಿಡುವ ಒಳಕಾಲುಚೀಲವನ್ನು ತಯಾರಿಸಿ ಮಾರಿ ತಕ್ಕಮಟ್ಟಿಗೆ ಹಣ ಮಾಡಿದರು. ಆ ಹಣದೊಂದಿಗೆ 1919ರಲ್ಲಿ ಟ್ರಿನಿಡಾಡ್ ದ್ವೀಪಕ್ಕೆ ಹೋಗಿ ಅಲ್ಲಿನ ಹಣ್ಣುಗಳಿಂದ ಜಾಮ್ ತಯಾರಿಸುವ ಉದ್ಯಮ ಹೂಡಿದರು. ಸಕ್ಕರೆ ಪಾಕದ ವಾಸನೆಗೆ ಕೀಟಗಳು ಮುತ್ತಿದವು, ಜ್ವರ ಹಿಡಿಯಿತು, ಉದ್ಯಮ ಮುಳುಗಿತು. ಇಂಗ್ಲೆಂಡಿಗೆ ಮರಳಿ ಸಾಬೂನಿನ ವ್ಯಾಪಾರ ಮಾಡಿದರು. ಅದನ್ನೂ ಅನಾರೋಗ್ಯದಿಂದ ಬಿಡಬೇಕಾಯಿತು.

ಹೇಸ್ಟಿಂಗ್ಸ್‌ನಿಂದ ಲಂಡನ್ನಿಗೆ

1923ರಲ್ಲಿ ಹವೆ ಬದಲಾವಣೆಗಾಗಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೇಸ್ಟಿಂಗ್ಸ್‌ಗೆ ಬಂದ ಬೇರ್ಡ್ ಅವರ ಕೈಯಲ್ಲಿ ಕೆಲಸವೂ ಇರಲಿಲ್ಲ, ಹಣವೂ ಇರಲಿಲ್ಲ. ವಯಸ್ಸು ಮೂವತ್ತನಾಲ್ಕು. ದೂರದರ್ಶನದ ಕಡೆಗೆ ಅವರು ಪೂರ್ಣವಾಗಿ ತಿರುಗಿದ್ದು ಇಲ್ಲಿಯೇ. ಚಹಾ ತುಂಬುವ ಹಳೆಯ ಪೆಟ್ಟಿಗೆ, ಟೋಪಿಯ ಡಬ್ಬದ ರಟ್ಟು, ಕಾಲುಚೀಲ ಹೊಲಿಯುವ ದಬ್ಬಳ, ಸೈಕಲ್ ದೀಪದ ಮಸೂರ, ಅರಗು ಮತ್ತು ಅಂಟು, ಇವೇ ಅವರ ಮೊದಲ ಯಂತ್ರದ ಸಾಮಗ್ರಿಗಳು.

ಯಂತ್ರದ ತತ್ತ್ವ ಹೊಸದಲ್ಲ. 1884ರಲ್ಲಿ ಪಾಲ್ ನಿಪ್ಕೋವ್ ಒಂದು ತಿರುಗುವ ತಟ್ಟೆಗೆ ಪೇಟೆಂಟ್ ಪಡೆದಿದ್ದರು. ತಟ್ಟೆಯ ಅಂಚಿನ ಬಳಿ ಸುರುಳಿಯಾಕಾರದಲ್ಲಿ ರಂಧ್ರಗಳಿರುತ್ತವೆ. ತಟ್ಟೆ ತಿರುಗಿದಂತೆ ಒಂದೊಂದು ರಂಧ್ರವೂ ದೃಶ್ಯದ ಒಂದೊಂದು ಸಾಲನ್ನು ಕ್ರಮವಾಗಿ ಓದುತ್ತದೆ. ಒಂದು ಸುತ್ತು ಮುಗಿದರೆ ಒಂದು ಪೂರ್ಣ ಚಿತ್ರ, ಅಂದರೆ ಒಂದು ಫ್ರೇಮ್. ಓದಿದ ಬೆಳಕನ್ನು ವಿದ್ಯುತ್ತಾಗಿ ಬದಲಿಸಿ ಕಳುಹಿಸಿದರೆ, ಅತ್ತ ಕಡೆ ಅದೇ ವೇಗದಲ್ಲಿ ತಿರುಗುವ ಇನ್ನೊಂದು ತಟ್ಟೆಯ ಹಿಂದಿನ ದೀಪ ಚಿತ್ರವನ್ನು ಮರಳಿ ಕಟ್ಟಿಕೊಡುತ್ತದೆ. ಎರಡು ತಟ್ಟೆಗಳ ವೇಗದಲ್ಲಿ ಕೊಂಚ ವ್ಯತ್ಯಾಸವಾದರೂ ಚಿತ್ರ ಪಕ್ಕಕ್ಕೆ ಜಾರುತ್ತದೆ. ನಿಪ್ಕೋವ್ ಅವರ ಕಾಲದಲ್ಲಿ ಕಾಗದದ ಮೇಲಷ್ಟೇ ಇದ್ದ ಈ ಯೋಜನೆಯನ್ನು ಕೆಲಸ ಮಾಡುವ ಯಂತ್ರವಾಗಿಸಿದ್ದು ಬೇರ್ಡ್ ಅವರ ಹಟ.

1924ರಲ್ಲಿ ಒಂದು ಶಿಲುಬೆಯ ಆಕಾರದ ನೆರಳನ್ನು ಕೆಲವು ಅಡಿಗಳ ದೂರಕ್ಕೆ ಕಳುಹಿಸಲು ಸಾಧ್ಯವಾಯಿತು. ಅದೇ ವರ್ಷ ಸಾವಿರ ವೋಲ್ಟಿಗೂ ಮಿಕ್ಕಿದ ವಿದ್ಯುತ್ ತಗುಲಿ ನೆಲಕ್ಕೆ ಬಿದ್ದರು. ಕೈ ಸುಟ್ಟದ್ದನ್ನು ಬಿಟ್ಟರೆ ಪ್ರಾಣಾಪಾಯವಾಗಲಿಲ್ಲ. ಕಟ್ಟಡದ ಮಾಲೀಕರು ಜಾಗ ಖಾಲಿ ಮಾಡುವಂತೆ ಹೇಳಿದರು. ಬೇರ್ಡ್ ಲಂಡನ್ನಿನ ಸೋಹೋ ಪ್ರದೇಶದ ಫ್ರಿತ್ ಬೀದಿಯ 22ನೆಯ ಸಂಖ್ಯೆಯ ಮನೆಯ ಅಟ್ಟದ ಕೋಣೆಗೆ ಬಂದರು.

2 ಅಕ್ಟೋಬರ್ 1925ರಂದು ಆ ಕೋಣೆಯಲ್ಲಿ ಮಾತನಾಡುವ ಬೊಂಬೆಯಾಟದ ಒಂದು ಬೊಂಬೆಯ ತಲೆ ತೆರೆಯ ಮೇಲೆ ಬೆಳಕು-ನೆರಳುಗಳ ಸಹಿತ ಮೂಡಿತು. ಅದರ ಹೆಸರು ಸ್ಟೂಕಿ ಬಿಲ್. ದೀಪಗಳ ಬಿಸಿ ಮನುಷ್ಯರು ಸಹಿಸುವಂತಿರಲಿಲ್ಲವಾದ್ದರಿಂದ ಬೊಂಬೆಯೇ ಅನುಕೂಲವಾಗಿತ್ತು. ಬೇರ್ಡ್ ತಕ್ಷಣ ಕೆಳಗಿನ ಕಚೇರಿಗೆ ಓಡಿ ವಿಲಿಯಂ ಟೇಂಟನ್ ಎಂಬ ಇಪ್ಪತ್ತು ವರ್ಷದ ಹುಡುಗನನ್ನು ಕರೆತಂದು ಯಂತ್ರದ ಮುಂದೆ ಕೂರಿಸಿದರು. ಶಾಖಕ್ಕೆ ಹೆದರಿ ಹಿಂದೆ ಸರಿದ ಹುಡುಗನಿಗೆ ಸ್ವಲ್ಪ ಹಣ ಕೊಟ್ಟು ಮತ್ತೆ ಕೂರಿಸಬೇಕಾಯಿತು. ಪೂರ್ಣ ಛಾಯಾಭೇದಗಳೊಡನೆ ದೂರದರ್ಶನದಲ್ಲಿ ಕಾಣಿಸಿಕೊಂಡ ಮೊದಲ ವ್ಯಕ್ತಿ ಟೇಂಟನ್ ಎಂದು ಹೇಳಲಾಗುತ್ತದೆ. 26 ಜನವರಿ 1926ರಂದು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸದಸ್ಯರ ಹಾಗೂ ಪತ್ರಿಕೆಯವರ ಮುಂದೆ ಇದೇ ಕೋಣೆಯಲ್ಲಿ ಪ್ರದರ್ಶನ ನಡೆಯಿತು.

30 ಸಾಲುಗಳ ಚಿತ್ರ

ಮುಂದಿನ ಎರಡು ವರ್ಷಗಳಲ್ಲಿ ಸುದ್ದಿಯ ಮೇಲೆ ಸುದ್ದಿ. 1927ರಲ್ಲಿ ದೂರವಾಣಿ ತಂತಿಯ ಮೂಲಕ ಲಂಡನ್ನಿನಿಂದ ಗ್ಲಾಸ್ಗೋಗೆ, 1928ರ ಫೆಬ್ರವರಿಯಲ್ಲಿ ರೇಡಿಯೊ ಮೂಲಕ ಅಟ್ಲಾಂಟಿಕ್ ಸಾಗರದಾಚೆಗೆ ನ್ಯೂಯಾರ್ಕ್ ಸಮೀಪದ ಹಾರ್ಟ್ಸ್‌ಡೇಲ್‌ಗೆ ಚಿತ್ರ ಕಳುಹಿಸಿದರು. ಅದೇ ಜುಲೈನಲ್ಲಿ ಬಣ್ಣದ ದೂರದರ್ಶನವನ್ನೂ ತೋರಿಸಿದರು. ಸೆಪ್ಟೆಂಬರ್ 1929ರಿಂದ ಬಿಬಿಸಿ ಪ್ರಸಾರಕದ ಮೂಲಕ ಇವರ ಪ್ರಾಯೋಗಿಕ ಕಾರ್ಯಕ್ರಮಗಳು ಆರಂಭವಾದವು. 1931ರಲ್ಲಿ ಎಪ್ಸಮ್‌ನ ಡರ್ಬಿ ಕುದುರೆ ಪಂದ್ಯವನ್ನು ಮೈದಾನದಿಂದಲೇ ಪ್ರಸಾರ ಮಾಡಲಾಯಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಪಿಯಾನೊ ವಾದಕಿ ಮಾರ್ಗರೆಟ್ ಆಲ್ಬು ಅವರೊಡನೆ ವಿವಾಹವಾಯಿತು. ದಂಪತಿಗಳಿಗೆ ಒಬ್ಬ ಮಗಳು, ಒಬ್ಬ ಮಗ.

ಈ ಪ್ರಸಾರದ ಚಿತ್ರದಲ್ಲಿ ಇದ್ದದ್ದು 30 ಸಾಲುಗಳು ಮಾತ್ರ. ಸೆಕೆಂಡಿಗೆ ಹನ್ನೆರಡೂವರೆ ಫ್ರೇಮ್. ತಟ್ಟೆ ನಿಮಿಷಕ್ಕೆ 750 ಸುತ್ತು ತಿರುಗುತ್ತಿತ್ತು. ಧ್ವನಿ ಪ್ರಸಾರಕ್ಕಾಗಿ ಕಟ್ಟಿದ ಮಧ್ಯಮ ತರಂಗದ ಕಿರಿದಾದ ದಾರಿಯಲ್ಲಿ ಇದಕ್ಕಿಂತ ಹೆಚ್ಚಿನ ಚಿತ್ರವಿವರ ಹಿಡಿಸುತ್ತಿರಲಿಲ್ಲ. ಹೀಗಾಗಿ ಬೇರ್ಡ್ ಎದುರಿಸಿದ ಪ್ರಶ್ನೆ ಸರಳವಾದರೂ ಕಠಿಣವಾಗಿತ್ತು. ಸಾಲುಗಳನ್ನು ಹೆಚ್ಚಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ, ಆದರೆ ಫ್ರೇಮ್‌ಗಳನ್ನು ಇಳಿಸಬೇಕು; ಫ್ರೇಮ್‌ಗಳನ್ನು ಇಳಿಸಿದರೆ ಚಲನೆ ಕುಲುಕುತ್ತದೆ, ಚಿತ್ರ ಮಿಣುಕುತ್ತದೆ. ನಿಯಾನ್ ದೀಪದ ಕಿತ್ತಳೆಗೆಂಪು ಬಣ್ಣದ ಆ ಪುಟ್ಟ ಚಿತ್ರದಲ್ಲಿ ಮುಖ ಗುರುತು ಸಿಗುತ್ತಿತ್ತು. ಗುಂಪಿನ ದೃಶ್ಯ, ಓಡುವ ಕುದುರೆ ಇವೆಲ್ಲ ನೋಡುವವರ ಊಹೆಗೆ ಬಿಟ್ಟದ್ದು.

ಅಲೆಕ್ಸಾಂಡ್ರಾ ಪ್ಯಾಲೆಸ್‌ನ ಸ್ಪರ್ಧೆ

ಅಷ್ಟರಲ್ಲಿ ಇಎಂಐ ಕಂಪನಿಯಲ್ಲಿ ಐಸಾಕ್ ಶೋನ್‌ಬರ್ಗ್ ಅವರ ನೇತೃತ್ವದ ತಂಡ ತಿರುಗುವ ತಟ್ಟೆಯೇ ಇಲ್ಲದ ಎಲೆಕ್ಟ್ರಾನಿಕ್ ಕ್ಯಾಮೆರಾವನ್ನು ಸಿದ್ಧಪಡಿಸಿತ್ತು. ಸರ್ಕಾರ ನೇಮಿಸಿದ ಸೆಲ್ಸ್‌ಡನ್ ಸಮಿತಿ 1935ರ ಆರಂಭದಲ್ಲಿ ವರದಿ ಸಲ್ಲಿಸಿ, ಎರಡೂ ಪದ್ಧತಿಗಳನ್ನು ಒಂದೇ ನಿಲ್ದಾಣದಲ್ಲಿ ಪರೀಕ್ಷಿಸುವಂತೆ ಸೂಚಿಸಿತು. 2 ನವೆಂಬರ್ 1936ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನಿಂದ ಬಿಬಿಸಿಯ ಪ್ರಸಾರ ಆರಂಭವಾಯಿತು. ಒಂದು ವಾರ ಬೇರ್ಡ್, ಮರುವಾರ ಇಎಂಐ.

ಬೇರ್ಡ್ ಕಂಪನಿಯದು 240 ಸಾಲು, ಸೆಕೆಂಡಿಗೆ 25 ಫ್ರೇಮ್. ಸ್ಟುಡಿಯೊದ ದೊಡ್ಡ ದೃಶ್ಯಗಳಿಗೆ ಅವರು ಬಳಸಿದ್ದು ಮಧ್ಯಂತರ ಫಿಲ್ಮ್ ಪದ್ಧತಿ. ದೃಶ್ಯವನ್ನು ಮೊದಲು ಸಿನಿಮಾ ಫಿಲ್ಮಿನ ಮೇಲೆ ಚಿತ್ರೀಕರಿಸುವುದು, ಫಿಲ್ಮ್ ಕ್ಯಾಮೆರಾದಿಂದ ನೇರವಾಗಿ ರಾಸಾಯನಿಕದ ತೊಟ್ಟಿಗಳಿಗೆ ಇಳಿದು ಸಂಸ್ಕರಣಗೊಳ್ಳುವುದು, ಇನ್ನೂ ಒದ್ದೆಯಾಗಿರುವಾಗಲೇ ಅದನ್ನು ತಟ್ಟೆಯಿಂದ ಓದಿ ಪ್ರಸಾರ ಮಾಡುವುದು. ಒಂದು ಮಾಧ್ಯಮದ ಚಲಚ್ಚಿತ್ರವನ್ನು ಇನ್ನೊಂದು ಮಾಧ್ಯಮಕ್ಕೆ ಬದಲಿಸುವ ಕೆಲಸವನ್ನು ಪ್ರತಿದಿನ, ಪ್ರತಿಕ್ಷಣ, ನೀರು ಮತ್ತು ಸಯನೈಡಿನ ತೊಟ್ಟಿಗಳ ನಡುವೆ ಮಾಡಿದ ಸಾಹಸವಿದು. ದೃಶ್ಯ ನಡೆದು ಸುಮಾರು ಒಂದು ನಿಮಿಷದ ನಂತರ ಅದು ವೀಕ್ಷಕರಿಗೆ ತಲುಪುತ್ತಿತ್ತು. ತೊಟ್ಟಿಗಳಿಗೆ ಕಟ್ಟಿಹಾಕಿದ ಕ್ಯಾಮೆರಾ ಅಲುಗಾಡುವಂತಿರಲಿಲ್ಲ. ಇಎಂಐ ಕ್ಯಾಮೆರಾವಾದರೋ ಸ್ಟುಡಿಯೊದಲ್ಲೆಲ್ಲ ಓಡಾಡುತ್ತಿತ್ತು, ತೋಟಕ್ಕೂ ಹೋಗುತ್ತಿತ್ತು.

ಇಎಂಐ ಚಿತ್ರದಲ್ಲಿ 405 ಸಾಲುಗಳಿದ್ದವು. ಅವರೂ ಸೆಕೆಂಡಿಗೆ ಕಳುಹಿಸುತ್ತಿದ್ದುದು 25 ಪೂರ್ಣ ಚಿತ್ರಗಳನ್ನೇ. ಆದರೆ ಪ್ರತಿ ಚಿತ್ರವನ್ನು ಎರಡು ಪಾಲು ಮಾಡಿ, ಮೊದಲು ಬೆಸ ಸಂಖ್ಯೆಯ ಸಾಲುಗಳನ್ನು, ಅನಂತರ ಸಮ ಸಂಖ್ಯೆಯ ಸಾಲುಗಳನ್ನು ಕಳುಹಿಸುತ್ತಿದ್ದರು. ಇದಕ್ಕೆ ಇಂಟರ್‌ಲೇಸಿಂಗ್, ಅಂದರೆ ಸಾಲುಗಳನ್ನು ಹೆಣೆಯುವ ವಿಧಾನ ಎಂದು ಹೆಸರು. ಪ್ರಸಾರದ ಹೊರೆ ಹೆಚ್ಚದೆಯೇ ತೆರೆ ಸೆಕೆಂಡಿಗೆ 50 ಬಾರಿ ಬೆಳಗುವುದರಿಂದ ಕಣ್ಣಿಗೆ ಮಿಣುಕು ತಿಳಿಯುವುದಿಲ್ಲ. ಬೇರ್ಡ್ ಅವರ 25 ಮಿನುಗುಗಳ ಚಿತ್ರ ಇದರ ಪಕ್ಕದಲ್ಲಿ ಕಣ್ಣಿಗೆ ಆಯಾಸ ತರುವಂತಿತ್ತು.

30 ನವೆಂಬರ್ 1936ರ ರಾತ್ರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಬೆಂಕಿಗೆ ಆಹುತಿಯಾಯಿತು. ಬೇರ್ಡ್ ಕಂಪನಿಯ ಪ್ರಯೋಗಾಲಯಗಳ ಬಹುಭಾಗ ಅಲ್ಲಿಯೇ ಇತ್ತು. ಬೆಂಕಿ ಬೀಳದಿದ್ದರೂ ಫಲಿತಾಂಶ ಬೇರೆಯಾಗುತ್ತಿರಲಿಲ್ಲ. 1937ರ ಜನವರಿ ಕೊನೆಯೊಂದಿಗೆ ಬೇರ್ಡ್ ಪದ್ಧತಿಯ ಪ್ರಸಾರ ನಿಂತಿತು.

ಗೆದ್ದ ಪದ್ಧತಿ ಉಳಿಸಿಹೋದ ತೊಡಕು

ಹೆಣೆದ ಸಾಲುಗಳ ವಿಧಾನ ಮುಂದೆ ಜಗತ್ತಿನೆಲ್ಲೆಡೆ ಹರಡಿತು. ಭಾರತದಲ್ಲಿ ಬಳಕೆಗೆ ಬಂದ 625 ಸಾಲುಗಳ ಪದ್ಧತಿಯೂ ಅದೇ ಜಾತಿಯದು. ಅದರಲ್ಲಿ ಒಂದು ದೋಷ ಅಡಗಿತ್ತು. ಬೆಸ ಸಾಲುಗಳೂ ಸಮ ಸಾಲುಗಳೂ ಒಂದೇ ಕ್ಷಣದವಲ್ಲ, ಅವುಗಳ ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಅಂತರವಿದೆ. ಸೆಕೆಂಡಿಗೆ 15 ಮೀಟರ್ ಓಡುವ ಕುದುರೆ ಅಷ್ಟರಲ್ಲಿ 30 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಹಳೆಯ ಟಿವಿಯಲ್ಲಿ ಇದು ಕಾಣುವುದಿಲ್ಲ. ಆದರೆ ಎರಡು ಪಾಲುಗಳನ್ನು ಸೇರಿಸಿ ಇಂದಿನ ಕಂಪ್ಯೂಟರ್ ಪರದೆಗೆ ಒಂದೇ ಚಿತ್ರವಾಗಿ ಬದಲಿಸಿದರೆ ಕುದುರೆಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತದೆ. ಸೆಕೆಂಡಿಗೆ 25 ಫ್ರೇಮಿನ ದೃಶ್ಯವನ್ನು ಅಮೆರಿಕದ 30 ಫ್ರೇಮಿನ ಪದ್ಧತಿಗೆ ಬದಲಿಸುವಾಗಲೂ ಇಂಥದೇ ಕಷ್ಟ. ಇರುವ ಫ್ರೇಮನ್ನೇ ಎರಡು ಬಾರಿ ತೋರಿಸಿದರೆ ಚಲನೆ ತಡವರಿಸುತ್ತದೆ, ಎರಡು ಫ್ರೇಮ್‌ಗಳನ್ನು ಬೆರೆಸಿದರೆ ಒಂದು ಕುದುರೆಗೆ ಎರಡು ನೆರಳು ಮೂಡುತ್ತದೆ. ಆದ್ದರಿಂದ ಚಿತ್ರದ ಒಂದೊಂದು ತುಣುಕೂ ಹಿಂದಿನ ಫ್ರೇಮಿನಿಂದ ಎಷ್ಟು ದೂರ, ಯಾವ ದಿಕ್ಕಿಗೆ ಸರಿದಿದೆ ಎಂದು ಮೊದಲು ಹುಡುಕಲಾಗುತ್ತದೆ. ಇದು ಚಲನೆಯ ಅಂದಾಜು. ಆ ತುಣುಕನ್ನು ನಡುವಿನ ಕ್ಷಣದಲ್ಲಿ ಇರಬೇಕಾದ ಜಾಗಕ್ಕೆ ಸರಿಸಿ ಹೊಸ ಫ್ರೇಮ್ ಕಟ್ಟುವುದು ಚಲನೆಯ ಸರಿದೂಗಿಕೆ. ಬೇರ್ಡ್ ಅವರ 240 ಸಾಲುಗಳು ಹೆಣೆದವಲ್ಲ, ಒಂದರ ಕೆಳಗೆ ಒಂದರಂತೆ ಕ್ರಮವಾಗಿ ಬರುವಂಥವು. ಇಂದಿನ ಪರದೆಗಳು ಮರಳಿ ಹಿಡಿದಿರುವುದು ಆ ಕ್ರಮವನ್ನೇ.

ಕೊನೆಯ ವರ್ಷಗಳು

1939ರಲ್ಲಿ ಯುದ್ಧ ಆರಂಭವಾಗಿ ಬಿಬಿಸಿ ದೂರದರ್ಶನ ನಿಂತಿತು, ಬೇರ್ಡ್ ಅವರ ಕಂಪನಿಯೂ ಮುಚ್ಚುವ ಸ್ಥಿತಿಗೆ ಬಂತು. ಅವರು ಸ್ವಂತ ಹಣದಿಂದ ಲಂಡನ್ನಿನ ಸಿಡೆನ್‌ಹ್ಯಾಮ್‌ನ ಮನೆಯಲ್ಲಿ ಪ್ರಯೋಗ ಮುಂದುವರಿಸಿದರು. ಎಲೆಕ್ಟ್ರಾನಿಕ್ ಮಾರ್ಗವನ್ನೇ ಹಿಡಿದು 600 ಸಾಲುಗಳ ಬಣ್ಣದ ಚಿತ್ರವನ್ನು ತೋರಿಸಿದರು. 1944ರ ಆಗಸ್ಟ್‌ನಲ್ಲಿ ಟೆಲಿಕ್ರೋಮ್ ಎಂಬ ಬಣ್ಣದ ಚಿತ್ರನಳಿಕೆಯನ್ನು ಪತ್ರಿಕೆಯವರ ಮುಂದಿಟ್ಟರು. ಯಂತ್ರದ ತಟ್ಟೆಗೆ ಅಂಟಿಕೊಂಡು ಕೆಟ್ಟರು ಎಂಬ ಸಾಮಾನ್ಯ ಅಭಿಪ್ರಾಯ ಈ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಯುದ್ಧಾನಂತರದ ದೂರದರ್ಶನ ಕುರಿತ ಹ್ಯಾಂಕಿ ಸಮಿತಿಯ ಮುಂದೆ 1000 ಸಾಲುಗಳ ಬಣ್ಣದ ಪದ್ಧತಿಯ ಪರವಾಗಿ ವಾದಿಸಿದರು. ಆದರೆ ಹಳೆಯ 405 ಸಾಲುಗಳಲ್ಲಿಯೇ 7 ಜೂನ್ 1946ರಂದು ಬಿಬಿಸಿ ಪ್ರಸಾರ ಪುನಃ ಆರಂಭವಾಯಿತು. ಒಂದು ವಾರದ ಬಳಿಕ, ಜೂನ್ 14ರಂದು, ಬೆಕ್ಸ್‌ಹಿಲ್ ಎಂಬ ಕಡಲೂರಿನಲ್ಲಿ ಬೇರ್ಡ್ ತೀರಿಕೊಂಡರು. ಹುಟ್ಟೂರಿನಲ್ಲಿಯೇ ಸಮಾಧಿ ಮಾಡಲಾಯಿತು.

ಫೋನೋವಿಷನ್ ತಟ್ಟೆಗಳು

1927–28ರಲ್ಲಿ ಬೇರ್ಡ್ ದೂರದರ್ಶನದ ಸಂಕೇತವನ್ನು ಗ್ರಾಮಾಫೋನ್ ತಟ್ಟೆಯ ಮೇಲೆ ಕೊರೆದಿಡಲು ಪ್ರಯತ್ನಿಸಿದ್ದರು. ಸೆಕೆಂಡಿಗೆ ಸುಮಾರು ನಾಲ್ಕೇ ಫ್ರೇಮ್‌ಗಳ ಈ ಮುದ್ರಣಗಳಿಗೆ ಫೋನೋವಿಷನ್ ಎಂದು ಹೆಸರಿಟ್ಟರು. ಕೊರೆಯುವ ಯಂತ್ರದ ನಡುಕವೂ ಚಿತ್ರದ ಜೊತೆಗೇ ಮುದ್ರಣವಾದುದರಿಂದ ಅವುಗಳಿಂದ ನೋಡಬಹುದಾದ ಚಿತ್ರ ಬರಲಿಲ್ಲ, ಪ್ರಯೋಗವನ್ನು ಕೈಬಿಡಲಾಯಿತು. ತಟ್ಟೆಗಳಲ್ಲಿ ಕೆಲವು ಮಾತ್ರ ಉಳಿದುಕೊಂಡವು. 1980ರ ದಶಕದಲ್ಲಿ ಡೊನಾಲ್ಡ್ ಮೆಕ್‌ಲೀನ್ ಎಂಬ ಇಂಜಿನಿಯರ್ ಅವುಗಳ ಸಂಕೇತವನ್ನು ಕಂಪ್ಯೂಟರಿಗೆ ತುಂಬಿ, ಒಂದೊಂದು ಸಾಲೂ ತನ್ನ ಜಾಗದಿಂದ ಎಷ್ಟು ಜಾರಿದೆಯೆಂದು ಅಳೆದು ಮರಳಿ ಅದರ ಸ್ಥಳಕ್ಕೆ ತರುವ ಕೆಲಸ ಕೈಗೊಂಡರು. 20 ಸೆಪ್ಟೆಂಬರ್ 1927ರ ದಿನಾಂಕವಿರುವ ಅತ್ಯಂತ ಹಳೆಯ ತಟ್ಟೆಯಿಂದ ಹೊರಬಂದದ್ದು ಬೊಂಬೆ ಸ್ಟೂಕಿ ಬಿಲ್‌ನ ಮುಖ.