ಕಾಡನ್ನು ತವರುಮನೆ ಎಂದ ಗೌರಾದೇವಿ

ಮಕ್ಕಳೇ, ಮರ ಕಡಿಯಲು ಬಂದವರನ್ನು ತಡೆಯಲು ಮರವನ್ನೇ ಅಪ್ಪಿಕೊಂಡ ಚಿಪ್ಕೋ ಚಳವಳಿಯ ಬಗ್ಗೆ ನೀವು ಪಾಠದಲ್ಲಿ ಓದಿರುತ್ತೀರಿ. ಚಿಪ್ಕೋ ಎಂದೊಡನೆ ನಾವು ಸುಂದರಲಾಲ್ ಬಹುಗುಣ, ಚಂಡೀಪ್ರಸಾದ್ ಭಟ್ ಅವರ ಹೆಸರು ಹೇಳುತ್ತೇವೆ. ಆದರೆ 1974ರ ಮಾರ್ಚ್ 26ರಂದು ರೇಣಿ ಗ್ರಾಮದಲ್ಲಿ ಅವರಿಬ್ಬರೂ ಇರಲಿಲ್ಲ. ಆ ದಿನ ಕಾಡನ್ನು ಉಳಿಸಿದವರು ಶಾಲೆಯ ಮೆಟ್ಟಿಲನ್ನೇ ಹತ್ತದ ಗೌರಾದೇವಿ ಮತ್ತು ಅವರ ಜೊತೆಗಾತಿಯರು.

ಗೌರಾದೇವಿ ಹುಟ್ಟಿದ್ದು 1925ರಲ್ಲಿ, ಈಗಿನ ಉತ್ತರಾಖಂಡದ ಚಮೋಲಿ ಜಿಲ್ಲೆಯ ಲಾತಾ ಗ್ರಾಮದಲ್ಲಿ. ಅವರದು ಭೋಟಿಯಾ ಬುಡಕಟ್ಟು. ಕುರಿ ಸಾಕಣೆ, ಉಣ್ಣೆ ನೇಯ್ಗೆ, ಟಿಬೆಟ್‌ನೊಂದಿಗೆ ವ್ಯಾಪಾರ ಈ ಜನರ ಕಸುಬು. ಚಿಕ್ಕ ವಯಸ್ಸಿನಲ್ಲೇ ಪಕ್ಕದ ರೇಣಿ ಗ್ರಾಮಕ್ಕೆ ಮದುವೆಯಾಗಿ ಹೋದರು. 22ನೆಯ ವಯಸ್ಸಿಗೆ ಪತಿ ತೀರಿಕೊಂಡರು. ಕೈಯಲ್ಲಿ ಪುಟ್ಟ ಮಗ. ಹೊಲದ ಕೆಲಸ, ಸಂಸಾರ, ವ್ಯಾಪಾರ ಎಲ್ಲವನ್ನೂ ತಾವೇ ನಿಭಾಯಿಸಿದರು. 1962ರ ಯುದ್ಧದಿಂದ ಟಿಬೆಟ್ ವ್ಯಾಪಾರ ನಿಂತುಹೋದಾಗ ಊರಿನ ಬದುಕು ಕಾಡು ಮತ್ತು ಹೊಲವನ್ನೇ ನೆಚ್ಚಬೇಕಾಯಿತು.

1970ರಲ್ಲಿ ಅಲಕನಂದಾ ನದಿಗೆ ಭಾರಿ ಪ್ರವಾಹ ಬಂದಿತು. ಮನೆ, ಸೇತುವೆ, ರಸ್ತೆಗಳು ಕೊಚ್ಚಿಹೋದವು. ಕಡಿದಾದ ಬೆಟ್ಟದಲ್ಲಿ ಮರದ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಕೆಳಗೆ ಬಿದ್ದ ತರಗೆಲೆ ಮಳೆನೀರನ್ನು ಸ್ಪಂಜಿನಂತೆ ಹೀರಿ ನಿಧಾನವಾಗಿ ಬಿಡುತ್ತದೆ. ಮರ ಹೋದರೆ ಮಣ್ಣೂ ಜಾರುತ್ತದೆ. ಪ್ರವಾಹವನ್ನು ಕಣ್ಣಾರೆ ಕಂಡ ಜನರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೀಗಿರುವಾಗ ರೇಣಿಯ ಕಾಡಿನ ಸುಮಾರು 2,500 ಮರಗಳು ಹರಾಜಾದವು. ಮಾರ್ಚ್ 26ರಂದು ಊರಿನ ಗಂಡಸರೆಲ್ಲ ಸೇನೆಗೆ ಹೋದ ಜಮೀನಿನ ಪರಿಹಾರ ಪಡೆಯಲೆಂದು ಚಮೋಲಿಗೆ ಹೋಗಿದ್ದರು. ಅದೇ ದಿನ ಗುತ್ತಿಗೆದಾರನ ಕೂಲಿಗಳು ಕೊಡಲಿ, ಗರಗಸಗಳೊಂದಿಗೆ ಕಾಡಿನತ್ತ ಹೊರಟರು. ಅವರನ್ನು ಕಂಡ ಹುಡುಗಿಯೊಬ್ಬಳು ಓಡಿಬಂದು ಗೌರಾದೇವಿಗೆ ಸುದ್ದಿ ಮುಟ್ಟಿಸಿದಳು.

ಗೌರಾದೇವಿ ಆಗ ಊರಿನ ಮಹಿಳಾ ಮಂಗಲ ದಳದ ಅಧ್ಯಕ್ಷೆ. ಒಲೆಯ ಮೇಲಿನ ಅಡುಗೆಯನ್ನು ಹಾಗೆಯೇ ಬಿಟ್ಟು 27 ಮಂದಿ ಹೆಂಗಸರು, ಹುಡುಗಿಯರು ಕಾಡಿಗೆ ನಡೆದರು. ಈ ಕಾಡು ತಮ್ಮ ತವರುಮನೆ, ಇದನ್ನು ಕಡಿದರೆ ಬೆಟ್ಟ ಕುಸಿದು ಊರೇ ಹೋಗುತ್ತದೆ ಎಂದು ಅವರು ಕೂಲಿಗಳಿಗೆ ತಿಳಿಹೇಳಿದರು. ಒಬ್ಬ ಬಂದೂಕು ತೋರಿಸಿ ಬೆದರಿಸಿದ. ಗೌರಾದೇವಿ ಕದಲಲಿಲ್ಲ. ಕೂಲಿಗಳು ಹಿಂದಿರುಗಿದರು. ಅವರು ಮತ್ತೆ ಬಾರದಂತೆ ದಾರಿಯ ಕಾಲುಸೇತುವೆಯನ್ನು ಕಿತ್ತುಹಾಕಿ, ಹೆಂಗಸರು ರಾತ್ರಿಯಿಡೀ ಚಳಿಯಲ್ಲಿ ಕಾವಲು ಕುಳಿತರು. ಮರುದಿನ ಗಂಡಸರು ಬಂದ ಮೇಲೆಯೇ ಅವರಿಗೆ ವಿಷಯ ಗೊತ್ತಾಯಿತು!

ಸರ್ಕಾರ ಸಸ್ಯವಿಜ್ಞಾನಿ ವೀರೇಂದ್ರ ಕುಮಾರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಹಳ್ಳಿಯ ಹೆಂಗಸರು ಹೇಳಿದ್ದು ಸರಿ ಎಂದೇ ಸಮಿತಿ ಕಂಡುಕೊಂಡಿತು. ಅಲಕನಂದಾ ಕಣಿವೆಯ ಮೇಲ್ಭಾಗದ ಸುಮಾರು 1,200 ಚದರ ಕಿ.ಮೀ. ಪ್ರದೇಶದಲ್ಲಿ ವ್ಯಾಪಾರಕ್ಕಾಗಿ ಮರ ಕಡಿಯುವುದನ್ನು 10 ವರ್ಷ ನಿಷೇಧಿಸಲಾಯಿತು. ಈ ಸುದ್ದಿ ದೂರದವರೆಗೂ ಹರಡಿತು. 1983ರ ಸೆಪ್ಟೆಂಬರ್‌ನಲ್ಲಿ ನಮ್ಮ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರೂ ಮರಗಳನ್ನು ಅಪ್ಪಿಕೊಂಡರು. ಅದೇ ಅಪ್ಪಿಕೋ ಚಳವಳಿ.

ಕತೆಯ ಮುಂದಿನ ಭಾಗವನ್ನು ಹೆಚ್ಚಿನ ಪುಸ್ತಕಗಳು ಹೇಳುವುದಿಲ್ಲ. 1982ರಲ್ಲಿ ರೇಣಿ, ಲಾತಾ ಗ್ರಾಮಗಳ ಮೇಲ್ಗಡೆಯ ನಂದಾದೇವಿ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಸಸ್ಯ, ಪ್ರಾಣಿಗಳಿಗೆ ರಕ್ಷಣೆ ಸಿಕ್ಕಿತು, ನಿಜ. ಆದರೆ ಕುರಿ ಮೇಯಿಸುವುದು, ಕಟುಕರೋಹಿಣಿ, ಅತಿವಿಷದಂತಹ ಔಷಧಿ ಗಿಡಗಳನ್ನು ತರುವುದು ಊರಿನವರಿಗೂ ನಿಷಿದ್ಧವಾಯಿತು. ಕಾಡು ಕಾಯ್ದವರನ್ನೇ ಹೊರಗಿಟ್ಟದ್ದು ನನಗಂತೂ ಸರಿ ಕಾಣುವುದಿಲ್ಲ. 1998ರಲ್ಲಿ ಲಾತಾದ ಜನರು ತಮ್ಮ ಹಕ್ಕಿಗಾಗಿ ಉದ್ಯಾನದೊಳಕ್ಕೆ ಹೆಜ್ಜೆ ಹಾಕಿದರು. ಅದನ್ನು ನೋಡಲು ಗೌರಾದೇವಿ ಇರಲಿಲ್ಲ. ಅವರು 1991ರ ಜುಲೈನಲ್ಲಿ, 66ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.