ತಾನೇ ತೆರೆಯುವ ಗೇಟಿಗೆ ಕಂಪ್ಯೂಟರ್ ಬೇಕೇ? ಸರ್ ಎಂ.ವಿ. ಬದುಕಿನಲ್ಲಿದೆ ಉತ್ತರ

ಯಂತ್ರ ತಾನೇ ಕೆಲಸ ಮಾಡಬೇಕಾದರೆ ಕಂಪ್ಯೂಟರ್ ಬೇಕೇ ಬೇಕು ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಅದು ತಪ್ಪು. ಕೆಂಗೇರಿ ಬಳಿಯ ಉಳ್ಳಾಲದ ಬಡಾವಣೆಗೆ ಹೆಸರಾದ ಸರ್ ಎಂ. ವಿಶ್ವೇಶ್ವರಯ್ಯನವರ ಕೆಲಸವೇ ಇದಕ್ಕೆ ಸಾಕ್ಷಿ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ., ಪುಣೆಯಲ್ಲಿ ಇಂಜಿನಿಯರಿಂಗ್ ಓದಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ನೀರು ಪೋಲಾಗಬಾರದು, ಪ್ರವಾಹಕ್ಕೆ ಕಟ್ಟೆಯೂ ಒಡೆಯಬಾರದು. 1903ರಲ್ಲಿ ಅಲ್ಲಿ ಅವರ ಗೇಟುಗಳು ಬಂದವು. ನೀರು ಗೊತ್ತಾದ ಮಟ್ಟ ಮುಟ್ಟಿದರೆ ತಾವೇ ತೆರೆಯುತ್ತಿದ್ದವು, ಇಳಿದರೆ ಮುಚ್ಚುತ್ತಿದ್ದವು. ಗಡಿಯಾರ ನೋಡಿ ಅಲ್ಲ, ಘಟನೆ ನೋಡಿ ನಡೆಯುವ ಯಂತ್ರ! ಮುಂದೆ ಕನ್ನಂಬಾಡಿಗೂ ಇಂಥ ಗೇಟು ಬಂದವು. 1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರು. 1955ರಲ್ಲಿ ಭಾರತರತ್ನ ಪಡೆದು, 1962ರಲ್ಲಿ ತೀರಿಕೊಂಡರು.

ಇಂಥ ಘಟನೆಗಳ ಸಮಯ ಲೆಕ್ಕ ಹಾಕಲು ಈಗ ಮ್ಯಾಕ್ಸ್-ಪ್ಲಸ್ ಬೀಜಗಣಿತವಿದೆ. ವಿಜಯನಗರದ ಒಂದು ಬೀದಿಗೆ ಕಾವೇರಿ ನೀರು ಬಿಡಬೇಕು ಎನ್ನಿ. ಹಿಂದಿನ ಬೀದಿಯ ಸರದಿ 6 ಗಂಟೆಗೆ ಮುಗಿಯುತ್ತದೆ, ಟ್ಯಾಂಕ್ 7ಕ್ಕೆ ತುಂಬುತ್ತದೆ. ಎರಡೂ ಆಗಬೇಕು, ಆದ್ದರಿಂದ ತಡವಾದ 7ನ್ನೇ ಹಿಡಿಯಬೇಕು; ಇದು ಮ್ಯಾಕ್ಸ್. ಎರಡು ಗಂಟೆ ನೀರು ಬಿಟ್ಟರೆ 9ಕ್ಕೆ ಮುಗಿಯುತ್ತದೆ, ಇದು ಪ್ಲಸ್. ಹಿಂದಿನ ಬೀದಿಯನ್ನು ಬೇಗ ಮುಗಿಸಿದರೂ ಲಾಭವಿಲ್ಲ, ಟ್ಯಾಂಕ್ ಬೇಗ ತುಂಬಬೇಕು.

ಈ ಗಣಿತ ಬೆಳೆದದ್ದು ಆ ಗೇಟುಗಳಾದ ಎಷ್ಟೋ ವರ್ಷಗಳ ಮೇಲೆ. ಅದನ್ನೂ ಸರ್ ಎಂ.ವಿ. ಅವರೇ ಕಂಡುಹಿಡಿದರು ಎಂಬ ಸಂದೇಶ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಅವರ ನಿಜವಾದ ಕೆಲಸವೇ ಸಾಕಷ್ಟು ದೊಡ್ಡದು.