ಕುಮಾರಿ ಲಾಟಿ ಡಾಡ್

ಬಾಲಕಿಯರಿಗೆ ಆಟವೇತಕ್ಕೆಂದು ಕೇಳುವ ತಾಯಿತಂದೆಗಳು ಈಗಲೂ ಇಲ್ಲದಿಲ್ಲ. ಓದು ಕೆಡುವುದು, ಮರ್ಯಾದೆಗೆ ಕುಂದು ಬರುವುದು, ಮನೆಗೆಲಸದಲ್ಲಿ ಮನಸ್ಸು ನಿಲ್ಲದು ಎಂಬ ಭಯವೇ ಈ ಪ್ರಶ್ನೆಗೆ ಮೂಲವಾಗಿದೆ. ಇದಕ್ಕೆ ವಾದದಿಂದ ಉತ್ತರ ಕೊಡುವುದಕ್ಕಿಂತ ಒಂದು ಜೀವಿತವನ್ನು ಮುಂದಿಡುವುದು ಲೇಸು. ಇಂಗ್ಲೆಂಡು ದೇಶದ ಕುಮಾರಿ ಷಾರ್ಲಟ್ ಡಾಡ್ ಎಂಬಾಕೆಯ ಹೆಸರನ್ನು ಬಲ್ಲವರು ಆಕೆಯು ಹದಿನೈದನೆಯ ವಯಸ್ಸಿನಲ್ಲಿ ಟೆನ್ನಿಸ್ ಆಟದಲ್ಲಿ ಗೆದ್ದಳೆಂದು ಹೇಳಿ ಸುಮ್ಮನಾಗುತ್ತಾರೆ. ಆಕೆಯ ಚರಿತ್ರೆಯಲ್ಲಿ ಅದು ಮೊದಲನೆಯ ಅಧ್ಯಾಯವು ಮಾತ್ರ.

ಈಕೆಯು ೧೮೭೧ನೆಯ ಇಸವಿ ಸೆಪ್ಟೆಂಬರ್ ೨೪ರಂದು ಚೆಷೈರ್ ಪ್ರಾಂತದ ಬೆಬಿಂಗ್ಟನ್ ಎಂಬಲ್ಲಿ ಜನಿಸಿದಳು. ನಾಲ್ವರು ಮಕ್ಕಳಲ್ಲಿ ಈಕೆಯೇ ಕಿರಿಯಳು. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಲಾಟಿ. ತಂದೆಯು ಹತ್ತಿಯ ವ್ಯಾಪಾರದಿಂದ ಧನಿಕನಾಗಿದ್ದನು. ಮಕ್ಕಳಿಗೆ ಮನೆಯಲ್ಲಿಯೇ ಪಾಠವಾಗುತ್ತಿತ್ತು; ಮನೆಯ ಬಳಿಯಲ್ಲಿಯೇ ಟೆನ್ನಿಸ್ ಅಂಗಣಗಳೂ ಇದ್ದವು. ಅಕ್ಕ ಅಣ್ಣಂದಿರೊಡನೆ ಆಡಿ ಲಾಟಿಯು ಆಟವನ್ನು ಕಲಿತಳು.

ವಿಂಬಲ್ಡನ್ನಿನಲ್ಲಿ ಸ್ತ್ರೀಯರ ಪಂದ್ಯವು ೧೮೮೪ರಲ್ಲಿ ಆರಂಭವಾಗಿತ್ತು. ಅದರ ಮೊದಲನೆಯ ವಿಜೇತೆಯಾದ ಮಾಡ್ ವಾಟ್ಸನ್ ಎಂಬಾಕೆಯು ಬಹುಕಾಲ ಯಾರಿಗೂ ಸೋತಿರಲಿಲ್ಲ. ೧೮೮೬ರಲ್ಲಿ ಬಾತ್ ನಗರದಲ್ಲಿ ಆಕೆಯನ್ನು ಸೋಲಿಸಿದವಳು ಹದಿನಾಲ್ಕು ವರ್ಷದ ಲಾಟಿ. ಮರುವರ್ಷ ವಿಂಬಲ್ಡನ್ನಿನಲ್ಲಿ ಹಿಂದಿನ ವರ್ಷದ ವಿಜೇತೆ ಬ್ಲಾಂಚ್ ಬಿಂಗ್ಲಿಯನ್ನು ೬–೨, ೬–೦ ಎಂದು ಜಯಿಸಿದಳು. ಆಗ ಆಕೆಗೆ ೧೫ ವರ್ಷ ೨೮೫ ದಿನಗಳು. ೧೯೯೬ರಲ್ಲಿ ಮಾರ್ಟಿನಾ ಹಿಂಗಿಸ್ ಎಂಬಾಕೆಯು ಇದಕ್ಕಿಂತ ಮೂರು ದಿನ ಕಡಿಮೆ ವಯಸ್ಸಿನಲ್ಲಿ ಅಲ್ಲಿ ಗೆದ್ದುದು ಜೋಡಿಯಾಟವನ್ನು. ಒಬ್ಬೊಬ್ಬರ ಆಟದಲ್ಲಿ ಲಾಟಿಯ ಸ್ಥಾನವನ್ನು ಮತ್ತೊಬ್ಬ ಹುಡುಗಿಯು ಪಡೆದಿಲ್ಲ.

ಅಂದಿನ ಸ್ತ್ರೀಯರು ಬಿಗಿಯಾದ ಒಳಕಟ್ಟನ್ನೂ ನೆಲ ಮುಟ್ಟುವ ಲಂಗವನ್ನೂ ಧರಿಸಿ, ಅಂಗಣದ ಹಿಂಬದಿಯಲ್ಲಿ ನಿಂತು ಚೆಂಡನ್ನು ಹಿಂದಿರುಗಿಸುತ್ತಿದ್ದರು. ಲಾಟಿಯು ಬಾಲಕಿಯಾದುದರಿಂದ ಗಿಡ್ಡ ಲಂಗಕ್ಕೆ ಆಕ್ಷೇಪವಿರಲಿಲ್ಲ. ಆಕೆಯು ಬಲೆಯ ಸಮೀಪಕ್ಕೆ ಓಡಿ ಬಂದು, ಚೆಂಡು ನೆಲಕ್ಕೆ ತಾಗುವ ಮುಂಚೆಯೇ ಪುರುಷರಂತೆ ಹೊಡೆಯುತ್ತಿದ್ದಳು. ಉಡುಪು ಸಡಿಲವಾದರೆ ಹೆಣ್ಣುಮಕ್ಕಳ ಕಾಲಿಗೂ ವೇಗ ಬರುವುದೆಂಬುದು ಹೀಗೆ ಎಲ್ಲರ ಕಣ್ಣಿಗೂ ಬಿದ್ದಿತು.

೧೮೮೮, ೧೮೯೧, ೧೮೯೨, ೧೮೯೩ ಈ ನಾಲ್ಕು ವರ್ಷಗಳಲ್ಲಿಯೂ ವಿಂಬಲ್ಡನ್ ಆಕೆಯದಾಯಿತು. ಅಲ್ಲಿ ಆಕೆಯು ಐದು ಸಲ ಆಡಿ ಐದು ಸಲವೂ ಗೆದ್ದಳು. ಆದರೆ ೧೮೯೩ರ ಅಂತಿಮ ಪಂದ್ಯದಲ್ಲಿ ಆ ಹಳೆಯ ಎದುರಾಳಿಯೇ, ವಿವಾಹಾನಂತರ ಶ್ರೀಮತಿ ಹಿಲ್ಯರ್ಡ್ ಎನಿಸಿದ್ದವಳು, ಮೊದಲ ಸೆಟ್ಟನ್ನು ೮–೬ರಿಂದ ಕಿತ್ತುಕೊಂಡಳು. ಲಾಟಿಯು ಎದೆಗುಂದದೆ ಉಳಿದೆರಡನ್ನು ಗೆದ್ದಳು. ಅನಂತರ, ಇನ್ನೂ ೨೧ ವರ್ಷದವಳಾಗಿದ್ದಾಗಲೇ, ಆ ದೊಡ್ಡ ಪಂದ್ಯಗಳನ್ನು ಬಿಟ್ಟುಬಿಟ್ಟಳು.

ಕೀರ್ತಿಯ ಶಿಖರದಲ್ಲಿದ್ದವರು ಮತ್ತೊಮ್ಮೆ ಮೊದಲ ಮೆಟ್ಟಿಲಲ್ಲಿ ನಿಲ್ಲಲು ನಾಚುವುದು ಲೋಕರೂಢಿ. ಈಕೆಗೆ ಆ ನಾಚಿಕೆಯಿರಲಿಲ್ಲ. ಹಾಕಿ ಆಟವನ್ನು ಕಲಿತು ೧೮೯೯ ಮತ್ತು ೧೯೦೦ರಲ್ಲಿ ಇಂಗ್ಲೆಂಡಿನ ತಂಡದಲ್ಲಿ ಆಡಿದಳು. ಗಾಲ್ಫ್ ಆಟದಲ್ಲಿ ಅನೇಕ ಸಲ ಸೋತು, ಕಡೆಗೆ ೧೯೦೪ರಲ್ಲಿ ಟ್ರೂನ್ ಎಂಬಲ್ಲಿ ಬ್ರಿಟಿಷ್ ಸ್ತ್ರೀಯರ ಪ್ರಶಸ್ತಿಯನ್ನು ಪಡೆದಳು. ಬಳಿಕ ಬಿಲ್ಲನ್ನು ಹಿಡಿದಳು. ೧೯೦೮ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಬಿಲ್ವಿದ್ಯೆಗಾಗಿ ಅಣ್ಣ ವಿಲಿಯಮನಿಗೆ ಚಿನ್ನದ ಪದಕವೂ ತಂಗಿಗೆ ಬೆಳ್ಳಿಯ ಪದಕವೂ ದೊರೆತವು.

ಮೊದಲನೆಯ ಮಹಾಯುದ್ಧವು ಬಂದಾಗ ಆಕೆಯು ರೆಡ್ ಕ್ರಾಸ್ ಸಂಸ್ಥೆಯನ್ನು ಸೇರಿ ಗಾಯಾಳುಗಳ ಶುಶ್ರೂಷೆ ಮಾಡಿದಳು. ಆ ಸೇವೆಗಾಗಿಯೂ ಆಕೆಗೆ ಪದಕವು ದೊರೆಯಿತು. ಆಕೆಯು ಅವಿವಾಹಿತೆಯಾಗಿಯೇ ಉಳಿದು, ೧೯೬೦ನೆಯ ಇಸವಿ ಜೂನ್ ೨೭ರಂದು, ವಿಂಬಲ್ಡನ್ ಪಂದ್ಯಗಳು ನಡೆಯುತ್ತಿದ್ದ ದಿನಗಳಲ್ಲಿಯೇ, ೮೮ನೆಯ ವಯಸ್ಸಿನಲ್ಲಿ ನಿಧನ ಹೊಂದಿದಳು.

ಧನವೂ ವಿರಾಮವೂ ಇದ್ದುದರಿಂದ ಇದೆಲ್ಲ ಸಾಧ್ಯವಾಯಿತೆಂದು ಹೇಳಬಹುದು. ಅದು ನಿಜವೇ, ಆದರೆ ಆ ಕಾಲದಲ್ಲಿ ಧನಿಕರ ಪುತ್ರಿಯರು ಸಾವಿರಾರು ಮಂದಿಯಿದ್ದರು, ಲಾಟಿ ಡಾಡ್ ಒಬ್ಬಳೇ. ಆಟವು ಆಕೆಗೆ ಕಲಿಸಿದ್ದು ಸೋತರೂ ಮರಳಿ ನಿಲ್ಲುವ ಸ್ಥೈರ್ಯವನ್ನು, ಯಾವ ವಯಸ್ಸಿನಲ್ಲಿಯೂ ಹೊಸದನ್ನು ಆರಂಭಿಸುವ ವಿನಯವನ್ನು. ಮಗಳು ಸಂಜೆ ಮೈದಾನದಿಂದ ತಡವಾಗಿ ಬಂದರೆ ತಾಯಿತಂದೆಗಳು ಇದನ್ನು ನೆನೆಯಲಿ. ಶಾಲೆಯನ್ನು ಬಿಟ್ಟು ಬಹುಕಾಲವಾದ ನಮ್ಮ ಸೋದರಿಯರು ಕಲಿಯುವ ಕಾಲ ಕಳೆಯಿತೆಂದು ಭಾವಿಸದಿರಲಿ.